ಹವೆಗಿಂತ ಮೊದಲು ನೀರು

ನಿವೃತ್ತರು ಧಾರವಾಡದಲ್ಲಿ ಮನೆ ಕಟ್ಟಿಕೊಳ್ಳುವುದು ತಂಪು ಹವೆ ಮತ್ತು ಹಸಿರಿಗಾಗಿಯೇ ಎಂದು ಲೇಖನವೊಂದರಲ್ಲಿ ಓದಿದೆ; ಅದರ ಲೇಖಕರ ಮಾತನ್ನು ನಾನು ಅರ್ಧದಷ್ಟೇ ಒಪ್ಪುತ್ತೇನೆ. ಮಲೆನಾಡಿನ ಸೆರಗಿನಲ್ಲಿ, ಸಮುದ್ರಮಟ್ಟದಿಂದ 700 ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ಈ ಊರಿನಲ್ಲಿ ಬೇಸಿಗೆಯ ಸಂಜೆಗೂ ಪಡುವಣ ಗಾಳಿ ಬೀಸುತ್ತದೆ, ನಿಜ. ಸುಮಾರು 20 ಕಿಲೋಮೀಟರ್ ದೂರದ ಹುಬ್ಬಳ್ಳಿಯ ಎರೆನೆಲದಲ್ಲಿ ಆ ಸುಖ ಕಡಿಮೆ. ಆದರೂ ರೈಲ್ವೆ ಮತ್ತು ವ್ಯಾಪಾರದ ಬಲದಿಂದ ಹೆಚ್ಚು ಬೆಳೆದದ್ದು ಹುಬ್ಬಳ್ಳಿಯೇ. ಗದಗಿನ ಬಿಸಿಲಿನಿಂದ ಬಂದು ಧಾರವಾಡದ ಸಾಧನಕೇರಿ ಕೆರೆಯ ಬಳಿ ನೆಲೆಸುವ ಮುನ್ನ ನಾನು ಮೊದಲು ವಿಚಾರಿಸಿದ್ದು ನಲ್ಲಿಗೆ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆ ಎಂಬುದನ್ನು, ಆಮೇಲೆ ಮಕ್ಕಳ ಶಾಲೆಯನ್ನು. ಕೆರೆಯ ನೋಟ (ಸುಳ್ಳೇಕೆ, ಅದೂ ಮನಸ್ಸಿನಲ್ಲಿತ್ತು) ಮೂರನೆಯದು. ಲೇಖಕರು ಹೊಗಳುವ ನೆರಳು ಕೂಡ, ರಸ್ತೆ ಅಗಲೀಕರಣಕ್ಕೆ ಮರಗಳನ್ನು ಕಡಿದ ಓಣಿಗಳಲ್ಲಿ ಈಗ ಉಳಿದಿಲ್ಲ.