ಭಾರತ್‌ನೆಟ್ ಹೆಸರಿನ 'ಫ್ರೀ ಇಂಟರ್ನೆಟ್' ಮೆಸೇಜ್ ನಂಬಬೇಡಿ

'ಕೊಡಗಿನ ಪ್ರತಿ ಮನೆಗೂ ಭಾರತ್‌ನೆಟ್‌ನಿಂದ ಫ್ರೀ ಇಂಟರ್ನೆಟ್. ಲಿಂಕ್ ಒತ್ತಿ, ಆಧಾರ್ ನಂಬರ್ ಹಾಕಿ, 10 ಜನರಿಗೆ ಕಳಿಸಿ' ಅನ್ನೋ ಮೆಸೇಜ್ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ಸರಿಯಲ್ಲ.

ಭಾರತ್‌ನೆಟ್ ಅನ್ನೋ ಕೇಂದ್ರ ಸರ್ಕಾರದ ಯೋಜನೆ ಇರುವುದು ನಿಜ. 2011ರಲ್ಲಿ ಬೇರೆ ಹೆಸರಲ್ಲಿ ಮಂಜೂರಾಯಿತು, ಈಗಿನ ಹೆಸರು ಬಂದದ್ದು 2015ರಲ್ಲಿ. ಸುಮಾರು 2.5 ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಕೇಬಲ್ ಎಳೆಯುವುದು ಅದರ ಮೂಲ ಉದ್ದೇಶ. 2023ರಲ್ಲಿ ಕೇಂದ್ರ ಸಚಿವ ಸಂಪುಟ ಇದಕ್ಕೆ ಮತ್ತೆ 1.39 ಲಕ್ಷ ಕೋಟಿ ರೂಪಾಯಿ ಒಪ್ಪಿತು. ಆದರೆ ಪಂಚಾಯಿತಿಗೆ ಕೇಬಲ್ ಬಂತು ಅಂದ ಮಾತ್ರಕ್ಕೆ ಮನೆಗೆ ಬಂದ ಹಾಗಲ್ಲ. ಅಲ್ಲಿಂದ ಮನೆಗೆ ಬೇರೆ ಕನೆಕ್ಷನ್ ತಗೋಬೇಕು, ಪ್ಲ್ಯಾನ್ ಪ್ರಕಾರ ತಿಂಗಳ ಬಿಲ್ ಕಟ್ಟಬೇಕು.

ನಮ್ಮಲ್ಲಿ ಆ ಕೊನೆಯ ದಾರಿಯೇ ಕಷ್ಟ. ತೋಟದ ನಡುವೆ ಒಂದೊಂದೇ ಮನೆ. ಮಳೆಗಾಲದಲ್ಲಿ ಸಿಲ್ವರ್ ಓಕ್ ಕೊಂಬೆ ಮುರಿದು ಬಿದ್ದರೆ ಕಂಬದ ಮೇಲಿನ ಕೇಬಲ್ಲೂ ಜೊತೆಗೇ ನೆಲಕ್ಕೆ. ಮಕ್ಕಳ ಆನ್‌ಲೈನ್ ಪಾಠ, ಕನ್ನಡದಲ್ಲೋ ಕೊಡವ ತಕ್ಕಿನಲ್ಲೋ ವಿಡಿಯೋ ಮಾಡುವ ಹುಡುಗರ ಕೆಲಸ, ಎಲ್ಲಾ ಅಲ್ಲೇ ನಿಲ್ಲುತ್ತದೆ. ಹಾಗಾಗಿ 'ಫ್ರೀ' ಅಂದ ತಕ್ಷಣ ಆಸೆ ಆಗೋದು ಸಹಜ ಅಲ್ವಾ?

ಕನೆಕ್ಷನ್ ಬೇಕಿದ್ದರೆ ಪಂಚಾಯಿತಿಯಲ್ಲೋ ಬಿಎಸ್‌ಎನ್‌ಎಲ್ ಕಚೇರಿಯಲ್ಲೋ ನೇರವಾಗಿ ಕೇಳಿ. ಆ ಲಿಂಕ್‌ನಲ್ಲಿ ಆಧಾರ್, ಓಟಿಪಿ ಏನನ್ನೂ ಹಾಕಬೇಡಿ. ಈಗಾಗಲೇ ಓಟಿಪಿ ಕೊಟ್ಟು ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ದಯವಿಟ್ಟು ಆ ಮೆಸೇಜನ್ನು ಇನ್ನು ಯಾರಿಗೂ ಕಳಿಸಬೇಡಿ. ಕಳಿಸಿದ್ದರೆ ಅದೇ ಗುಂಪಿಗೆ ಈ ಸ್ಪಷ್ಟನೆಯನ್ನೂ ಹಾಕಿ.