ಓದೋ ಕ್ರಮ ಬೇರೆ, ಬರೆಯೋ ಕ್ರಮ ಬೇರೆ

ನೀವು ಬರೆದಿದ್ರಲ್ಲಿ ಮಿಕ್ಕಿದ್ದೆಲ್ಲ ಒಪ್ತೀನಿ ಸರ್, ಆದ್ರೆ ಸಂಶೋಧನಾ ಪೇಪರ್‌ನ ವಿದ್ಯಾರ್ಥಿಗಳು ಇಂಟ್ರೊಡಕ್ಷನ್‌ನಿಂದ ಶುರುಮಾಡಿ ಕ್ರಮವಾಗಿ ಬರೀಬೇಕು ಅಂದಿದ್ದೀರಲ್ಲ, ಅದೊಂದು ಒಪ್ಪಕ್ಕಾಗಲ್ಲ. ನಾನು ಎಂಎಸ್ಸಿ ಪ್ರಾಜೆಕ್ಟ್‌ನಲ್ಲಿ ಹಂಗೇ ಶುರುಮಾಡಿ ಎರಡು ತಿಂಗಳು 'ನೀರು ಜೀವಿಗಳಿಗೆ ಅತ್ಯಗತ್ಯ' ಅನ್ನೋ ಲೈನಿಂದ ಮುಂದೆ ಹೋಗ್ಲೇ ಇಲ್ಲ, ಕೊನೆಗೆ ಲ್ಯಾಬಿನ ಸೀನಿಯರ್ ಅಕ್ಕ ಒಬ್ರು ಬಂದು ಮೊದ್ಲು ನಾಲ್ಕೂ ಗ್ರಾಫ್ ಪ್ರಿಂಟ್ ತೆಗೆದು ಟೇಬಲ್ ಮೇಲೆ ಹರಡು, ಒಂದೊಂದರ ಕೆಳಗೆ ಇದ್ರಿಂದ ಏನು ಗೊತ್ತಾಯ್ತು ಅಂತ ಒಂದೇ ವಾಕ್ಯ ಬರಿ ಅಂದ್ರು, ಅವತ್ತೇ ಸಂಜೆಗೆ ರಿಸಲ್ಟ್ಸ್ ಭಾಗ ಅರ್ಧ ಮುಗೀತು. ಮೆಥಡ್ಸ್, ಅಂದ್ರೆ ಪ್ರಯೋಗ ಹೆಂಗೆ ಮಾಡಿದ್ವಿ ಅನ್ನೋ ಭಾಗ ಅಂತೂ, ಪ್ರಯೋಗ ಮಾಡಿದ ದಿನವೇ ಬರೆಸ್ಬೇಕು, ಇಲ್ದಿದ್ರೆ ಹಿಂದಿನ ಬ್ಯಾಚ್‌ನ ಸ್ಪೈರಲ್ ಬೈಂಡಿಂಗ್ ಕಾಪಿನೇ ಗತಿ. ನಮ್ಮ ಕ್ಲಾಸಲ್ಲಿ ಒಬ್ಬ ನಮ್ಮ ಲ್ಯಾಬಲ್ಲಿ ಇಲ್ಲದೇ ಇರೋ ಮಷಿನ್ ಹೆಸರನ್ನೂ ಇಳಿಸ್ಬಿಟ್ಟಿದ್ದ! ಆಮೇಲೆ ಯುಜಿಸಿ 2018ರ ನಿಯಮದ ಬೇರೆಯವರ ಬರಹದ ಜೊತೆ 10 ಪರ್ಸೆಂಟ್ ಹೋಲಿಕೆ ದಾಟಬಾರ್ದು ಅಂತ ರಾತ್ರಿಯೆಲ್ಲ ಕೂತು ಪದ ಬದಲಾಯಿಸೋದು. ಇನ್ನು ಈ ಇಂಟ್ರೊಡಕ್ಷನ್, ಮೆಥಡ್ಸ್, ರಿಸಲ್ಟ್ಸ್, ಡಿಸ್ಕಷನ್ ಅನ್ನೋ ನಾಲ್ಕು ಭಾಗದ ಚೌಕಟ್ಟು ಬಿಟ್ರೆ ವಿಜ್ಞಾನವೇ ಇಲ್ಲ ಅನ್ನೋ ನಿಮ್ಮ ಧಾಟಿನೂ ಸ್ವಲ್ಪ ಜಾಸ್ತಿ ಆಯ್ತು, 1953ರಲ್ಲಿ ವಿಜ್ಞಾನಿಗಳಾದ ವಾಟ್ಸನ್-ಕ್ರಿಕ್ ಡಿಎನ್ಎ ರಚನೆ ಬಗ್ಗೆ ನೇಚರ್ ಅನ್ನೋ ವಿಜ್ಞಾನ ಪತ್ರಿಕೆಲಿ ಬರೆದಿದ್ದು ಒಂದು ಪುಟ ಚಿಲ್ಲರೆ, ಅದ್ರಲ್ಲಿ ಮೆಥಡ್ಸ್, ಡಿಸ್ಕಷನ್ ಅಂತ ಹೆಡಿಂಗೇ ಇಲ್ಲ.