ಕಂದೀಲು ಹುಡುಕಲು ಬಂದ ಬಾಮೈದ

ಬೆಂಗಳೂರಿನಲ್ಲಿರುವ ನನ್ನ ಬಾಮೈದನಿಗೆ ಹಳೇ ಬೀದಿದೀಪಗಳ ಹುಚ್ಚು. ಯಾವ ಊರಿಗೆ ಹೋದರೂ ಮೊದಲು ಕಂಬ ನೋಡುತ್ತಾನೆ, ಆಮೇಲೆ ನೆಂಟರನ್ನು. ಈ ಸಲ ರಾಯಚೂರಿಗೆ ಬಂದವನಿಗೆ ಕೋಟೆಯೂ ಬೇಡವಾಯ್ತು, 1513ರ ಏಕ್ ಮಿನಾರ್ ಮಸೀದಿಯೂ ಬೇಡವಾಯ್ತು. "ಭಾವ, ತೀನ್ ಕಂದೀಲ್ ಸರ್ಕಲ್‌ಗೆ ಕರ್ಕೊಂಡು ಹೋಗಿ" ಅಂತ ಒಂದೇ ಹಟ.

ಸಂಜೆ ಹೊತ್ತು ತೀನ್ ಕಂದೀಲ್ ಅಂದರೆ ಸುಮ್ನೇನಾ? ಆಟೋ, ತಳ್ಳುಗಾಡಿ, ಬೈಕು, ಇವೆಲ್ಲದರ ನಡುವೆ ತನ್ನದೇ ರಸ್ತೆ ಅನ್ನುವಂತೆ ನಿಂತ ಒಂದು ದನ. ಅದರ ಪಕ್ಕದಲ್ಲೇ ನಮ್ಮವನೂ ನಿಂತ. ತಲೆ ಮೇಲೆತ್ತಿ, ತಂತಿ, ಫ್ಲೆಕ್ಸುಗಳ ಸಂದಿಯಲ್ಲಿ ಕಂದೀಲು ಹುಡುಕತೊಡಗಿದ. ಆಟೋದವನೊಬ್ಬ ಹಾರ್ನ್ ಹೊಡೆದ. "ಅಣ್ಣಾರ, ಆಕಳಾದ್ರೂ ಸರೀತದ. ನೀವೂ ಒಂಚೂರು ಸರೀರಿ!"

ಎಳೆದುಕೊಂಡು ಹೋಗಿ ಮಿರ್ಚಿ ಬಂಡಿ ಮುಂದೆ ನಿಲ್ಲಿಸಿದೆ. ಬಿಸಿ ಮಿರ್ಚಿ ಕೈಗೆ ಬಂತು, ಅವನ ಪಾಠವೂ ಶುರುವಾಯ್ತು. "ಭಾವ, ಕರೆಂಟಿನ ಬೀದಿದೀಪ ಅಂದ್ರೆ ನಮ್ಮ ಬೆಂಗಳೂರು. 1905ರಲ್ಲೇ ಮಾರ್ಕೆಟ್ ಹತ್ರ ಹತ್ತಿಸಿದ್ರು."

ನನಗೆ ರೇಗಿತು. "ಶಿವನಸಮುದ್ರದ ಕರೆಂಟು 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಹೋಗಿತ್ತು. ನಿಮ್ಮ ಪಾಳಿ ಬಂದಿದ್ದು ಮೂರು ವರ್ಷ ಬಿಟ್ಟು. ಈಗ ನೋಡು, ನಮ್ಮ ಶಕ್ತಿನಗರದ ಥರ್ಮಲ್ ಸ್ಥಾವರದಲ್ಲಿ ಎಂಟು ಘಟಕ. ಬೆಳಕು ಊರಿಗೆಲ್ಲ, ಹಾರುಬೂದಿ ನಮಗೆ. ಎಷ್ಟು ಗೊತ್ತೇನು? 1,720 ಮೆಗಾವ್ಯಾಟ್..."

ಕರೆಂಟ್ ಹೋಯ್ತು.

"ಲೈಟ್ ಹೋತ್ರೀ!" ಅಂತ ಬಂಡಿಯವನು ಕೂಗಿದ, ನಮಗೆ ಕಾಣದೇ ಇದ್ದಂಗೆ. ಅದೇ ಹೊತ್ತಿಗೆ ಬಾಮೈದ ಮಿರ್ಚಿಯ ಅಸಲಿ ಭಾಗ ಕಚ್ಚಿದ್ದ. ಗುಂಟೂರು ಗಾಳಿ ಬೀಸುವ ಸೀಮೆ ಇದು, ನಮ್ಮ ಮೆಣಸಿನಕಾಯಿಗೆ ನೆಂಟರು ಇಷ್ಟರು ಅಂತ ದಾಕ್ಷಿಣ್ಯ ಇಲ್ಲ. ಕತ್ತಲಲ್ಲಿ ಕೈಯಾಡಿಸಿ, ನೀರು ಅಂತ ಯಾರದೋ ಗ್ಲಾಸ್ ಎತ್ತಿ ಗಟಗಟ ಕುಡಿದ. ಅದು ಸುಡುಸುಡು ಚಹಾ. ಅಲ್ಲಿಗೆ ಮಾತು ನಿಂತಿತು. ಗಾಡಿ ಕಡೆಗೆ ಕೈ ತೋರಿಸಿ ಕುಣಿಯತೊಡಗಿದ. ದುಡ್ಡು ಕೊಟ್ಟು ಬರ್ತೀನಿ, ಇರು ಅಂದೆ. ಮೊಬೈಲ್ ಟಾರ್ಚ್ ಹಚ್ಚಿ ಚಿಲ್ಲರೆ ಎಣಿಸಿ ತಿರುಗಿದರೆ ಆಸಾಮಿ ಇಲ್ಲ. ನನ್ನ ಗಾಡಿ ಅಲ್ಲೇ ಇದೆ. ಅದರ ಪಕ್ಕ ನಿಂತಿದ್ದ, ಅದೇ ಬಣ್ಣದ ಇನ್ನೊಂದು ಬೈಕ್ ಮಾತ್ರ ಇಲ್ಲ.

ಅಷ್ಟರಲ್ಲಿ ಫೋನು ಬಂತು. ನಾಲಿಗೆ ಇನ್ನೂ ಸರಿಯಾಗಿ ಹೊರಳುತ್ತಿರಲಿಲ್ಲ.

"ಭಾವ, ನೀವು ಎಲ್ಲಿದ್ದೀರಿ?"

"ಮಿರ್ಚಿ ಬಂಡಿ ಹತ್ರ. ಯಾಕೋ?"

"ಮತ್ತೆ ಈ ಬೈಕ್ ಓಡಿಸ್ತಿರೋರು ಯಾರು?"